ಕ್ರೈಸ್ತ ಸೇವಕ ನಾಯಕತ್ವದಲ್ಲಿ ಉದ್ದೇಶ ಪರೀಕ್ಷೆ

ಸೇವಕ ನಾಯಕತ್ವ ಎಂಬುದು ಅಧಿಕಾರವನ್ನು ಆಳಿಕೆಯೆಂದು ಬಗೆಯದೆ ಊಳಿಗವೆಂದು ಬಗೆಯುವ ಕ್ರೈಸ್ತ ಕಲ್ಪನೆ. ಸಭಾಪಾಲಕ, ಬಿಷಪ್, ಮಠದ ಹಿರಿಯ, ಮಿಷನರಿ, ಹೀಗೆ ಯಾರೇ ಆಗಲಿ, ಮುಂದೆ ನಿಂತವನು ಹಿಂದೆ ಬರುವವರ ಆಳು ಎಂಬುದು ಇದರ ತಿರುಳು. ಈ ಕಲ್ಪನೆಯೊಂದಿಗೆ ಒಂದು ಸಂಶಯವೂ ಅವಳಿಯಂತೆ ಹುಟ್ಟಿತು. ಅರಸನ ಆಸೆ ಬಯಲಿನಲ್ಲಿರುತ್ತದೆ, ಯಾರು ಬೇಕಾದರೂ ಕಾಣಬಹುದು. ಸೇವಕನ ಆಸೆಗೆ ಸೇವೆಯೇ ಮರೆಯಾಗಬಲ್ಲದು. ಹಾಗಾಗಿ ನಾಯಕನಾದವನು ತಾನು ಯಾವುದಕ್ಕಾಗಿ ಸೇವೆ ಮಾಡುತ್ತಿದ್ದೇನೆಂದು ಪರೀಕ್ಷಿಸಿಕೊಳ್ಳುವುದು ಕ್ರೈಸ್ತ ಬರಹದಲ್ಲಿ ಮೊದಲ ಶತಮಾನದಿಂದಲೂ ನಡೆದುಬಂದ ವಿಷಯವಾಗಿದೆ. ಪರೀಕ್ಷಿಸುವವನೂ ಪರೀಕ್ಷೆಗೆ ಒಳಗಾಗುವವನೂ ಒಬ್ಬನೇ ಆದಾಗ ತೀರ್ಪನ್ನು ನಂಬುವುದು ಹೇಗೆ ಎಂಬುದು ಇದರ ಮುಖ್ಯ ತೊಡಕು. ಈ ಅಭ್ಯಾಸದ ಇತಿಹಾಸವೆಂದರೆ ಬಹುಮಟ್ಟಿಗೆ ಪರೀಕ್ಷೆಯ ಸ್ಥಳವನ್ನು ನಾಯಕನ ಮನಸ್ಸಿನ ಒಳಗಿನಿಂದ ಹೊರಕ್ಕೆ, ಅವನ ನಡತೆಗೆ, ಜೊತೆಗಾರರ ಕಣ್ಣಿಗೆ, ಕೊನೆಗೆ ಸೇವೆ ಪಡೆದವರ ಮಾತಿಗೆ ತಂದ ಇತಿಹಾಸ.

ಕನ್ನಡದ ಕ್ರೈಸ್ತ ನುಡಿಯಲ್ಲಿ ಈ ತೊಡಕು ಒಂದೇ ಪದದಲ್ಲಿ ಕುಳಿತಿದೆ. ಸತ್ಯವೇದದ ಕನ್ನಡ ಅನುವಾದದಲ್ಲಿ, ಕರ್ತನ ಪ್ರಾರ್ಥನೆಯಲ್ಲೂ, 'ಶೋಧನೆ' ಎಂದರೆ ಮನುಷ್ಯನನ್ನು ಕೆಡುಕಿನತ್ತ ಎಳೆಯುವ ಪ್ರಲೋಭನೆ. ಆದರೆ 'ಆತ್ಮಶೋಧನೆ' ಎಂದರೆ ತನ್ನನ್ನು ತಾನು ಒರೆಗೆ ಹಚ್ಚಿಕೊಳ್ಳುವುದು. ಮೂಲದ 'ಪೆಯ್ರಾಸ್ಮೋಸ್' ಎಂಬ ಗ್ರೀಕ್ ಪದಕ್ಕೂ ಪರೀಕ್ಷೆ, ಪ್ರಲೋಭನೆ ಎಂಬ ಎರಡೂ ಅರ್ಥಗಳಿವೆ.

ಈ ಚಿಂತನೆಯ ಮೂಲ ಪ್ರಸಂಗ ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿದೆ. ಜೆಬೆದಾಯನ ಮಕ್ಕಳಾದ ಯಾಕೋಬ ಮತ್ತು ಯೋಹಾನರು ಯೇಸುವಿನ ಮಹಿಮೆಯಲ್ಲಿ ಎಡಬಲದ ಆಸನಗಳನ್ನು ಕೇಳುತ್ತಾರೆ. ಉಳಿದ ಹತ್ತು ಮಂದಿ ಶಿಷ್ಯರು ಸಿಟ್ಟಾಗುತ್ತಾರೆ. ಆ ಸಿಟ್ಟಿನಲ್ಲೂ ಅದೇ ಆಸೆ ಇತ್ತೆಂದು ವ್ಯಾಖ್ಯಾನಕಾರರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಮತ್ತಾಯನ ಸುವಾರ್ತೆಯಲ್ಲಿ ಇದೇ ಬೇಡಿಕೆಯನ್ನು ಇಡುವವಳು ಅವರ ತಾಯಿ. ದೊಡ್ಡವನಾಗಬೇಕೆನ್ನುವವನು ಎಲ್ಲರ ಆಳಾಗಬೇಕೆಂಬ ಯೇಸುವಿನ ಉತ್ತರ ಈ ಹಿನ್ನೆಲೆಯಲ್ಲಿ ಬಂದದ್ದು. ಲೂಕನಲ್ಲಿ ಇಂಥದೇ ಜಗಳ ಕಡೆಯ ಊಟದ ಪಂಕ್ತಿಯಲ್ಲೇ ನಡೆಯುತ್ತದೆ. ಅಲ್ಲಿ ಯೇಸು ಅನ್ಯಜನರ ಅರಸರು 'ಉಪಕಾರಿ' ಎಂಬ ಬಿರುದು ಹೊರುವುದನ್ನು ನೆನಪಿಸುತ್ತಾನೆ. ಆ ಕಾಲದ ಗ್ರೀಕ್ ಪಟ್ಟಣಗಳಲ್ಲಿ ಅದು ನಿಜವಾದ ಬಿರುದು; ದಾನ ಕೊಟ್ಟ ದೊಡ್ಡವರ ಹೆಸರನ್ನು ಈ ವಿಶೇಷಣದೊಂದಿಗೆ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಜನಸೇವೆ ಹೆಸರು ತರುವ ಬಂಡವಾಳವಾಗಬಲ್ಲದೆಂಬ ಅರಿವು ಹೀಗೆ ಸುವಾರ್ತೆಯಲ್ಲಿಯೇ ಇದೆ. ಮತ್ತಾಯನ 6ನೆಯ ಅಧ್ಯಾಯ ದಾನ, ಪ್ರಾರ್ಥನೆ, ಉಪವಾಸಗಳನ್ನು ಗುಟ್ಟಾಗಿ ನಡೆಸಬೇಕೆನ್ನುತ್ತದೆ. ಜನರಿಗೆ ಕಾಣಲೆಂದು ಮಾಡಿದವರು ತಮ್ಮ ಫಲವನ್ನು ಆಗಲೇ ಪಡೆದಾಯಿತು ಎನ್ನಲು ಅಲ್ಲಿ ಬಳಸಿರುವ ಕ್ರಿಯಾಪದ ವ್ಯಾಪಾರದ ರಸೀದಿಗಳಲ್ಲಿ ಬರುತ್ತಿದ್ದದ್ದು: ಹಣ ಸಂದಿದೆ, ಲೆಕ್ಕ ಚುಕ್ತಾ.

ಪೌಲನ ಪತ್ರಗಳಲ್ಲಿ ಈ ಪ್ರಶ್ನೆ ಆರೋಪ ಮತ್ತು ಸಮರ್ಥನೆಯ ರೂಪ ತಾಳುತ್ತದೆ. ಥೆಸಲೋನಿಕದವರಿಗೆ ಬರೆಯುವಾಗ ಆತ ಮುಖಸ್ತುತಿ, ಹಣದಾಸೆ, ಕೀರ್ತಿಯ ಹಂಬಲ ಮೂರನ್ನೂ ಹೆಸರಿಸಿ ಅಲ್ಲಗಳೆಯುತ್ತಾನೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ದೇವರ ವಾಕ್ಯವನ್ನು ಮಾರುವವರ ಬಗ್ಗೆ ಬಳಸಿದ ಪದ ಚಿಲ್ಲರೆ ವ್ಯಾಪಾರಿಗಳಿಗೆ, ಅದರಲ್ಲೂ ದ್ರಾಕ್ಷಾರಸಕ್ಕೆ ನೀರು ಬೆರೆಸಿ ಮಾರುವವರಿಗೆ, ಸಲ್ಲುತ್ತಿದ್ದದ್ದು. ಕೂಲಿ ಪಡೆಯದೆ ಗುಡಾರ ಹೊಲಿದು ಬದುಕುತ್ತ ಸುವಾರ್ತೆ ಸಾರಿದ ಪೌಲ, ಆ ನಿಸ್ವಾರ್ಥದ ಬಗ್ಗೆಯೇ ತನಗೆ ಹೆಮ್ಮೆಯಿದೆಯೆಂದು ಒಪ್ಪಿಕೊಳ್ಳುತ್ತಾನೆ. ಇದು ಸಣ್ಣ ಮಾತಲ್ಲ. ಸಂಬಳ ಬಿಟ್ಟವನಿಗೂ ಬಿಟ್ಟೆನೆಂಬ ಸಂಬಳ ಉಳಿಯುತ್ತದೆ. ಮುಂದಿನ ಚರ್ಚೆಯನ್ನು ಹೆಚ್ಚು ಪ್ರಭಾವಿಸಿದ್ದು ಆತನ ಇನ್ನೆರಡು ನಿಲುವುಗಳು. ಕೊರಿಂಥದ ಮೊದಲ ಪತ್ರದಲ್ಲಿ, ತನ್ನ ಮನಸ್ಸಿಗೆ ತಪ್ಪು ಕಾಣದಿದ್ದರೂ ಅದರಿಂದ ತಾನು ನಿರ್ದೋಷಿಯೆಂದು ತೀರ್ಮಾನವಾಗುವುದಿಲ್ಲವೆಂದು ಹೇಳಿ ಆತ ತೀರ್ಪನ್ನು ದೇವರಿಗೆ ಬಿಡುತ್ತಾನೆ. ಫಿಲಿಪ್ಪಿಯವರಿಗೆ ಬರೆಯುವಾಗ, ಕೆಲವರು ಹೊಟ್ಟೆಕಿಚ್ಚಿನಿಂದ ಕ್ರಿಸ್ತನನ್ನು ಸಾರುತ್ತಿದ್ದರೂ ಸಾರುವುದಂತೂ ನಡೆಯುತ್ತಿದೆಯಲ್ಲ ಎಂದು ಸಂತೋಷಪಡುತ್ತಾನೆ. ಹೊಸ ಒಡಂಬಡಿಕೆಯ ಇತರ ಕಡೆಗಳಲ್ಲಿ ಕೆಟ್ಟ ಉದ್ದೇಶಕ್ಕೆ ವ್ಯಕ್ತಿಗಳೇ ಉದಾಹರಣೆ. ಪವಿತ್ರಾತ್ಮನ ವರವನ್ನು ಹಣಕ್ಕೆ ಕೊಳ್ಳಬಯಸಿದ ಸೀಮೋನನಿಂದ, ಹುದ್ದೆಗಳ ಮಾರಾಟಕ್ಕೆ ಯುರೋಪಿನ ಭಾಷೆಗಳಲ್ಲಿ 'ಸಿಮೊನಿ' ಎಂಬ ಹೆಸರೇ ಬಂತು. ಯೋಹಾನನ ಮೂರನೆಯ ಪತ್ರದ ದಿಯೊತ್ರೇಫನ ಬಗ್ಗೆ ತಿಳಿಯುವ ಮುಖ್ಯ ಸಂಗತಿಯೆಂದರೆ ಅವನು ಮೊದಲಿಗನಾಗಿರಲು ಬಯಸುತ್ತಿದ್ದ ಎಂಬುದು.

'ಸೇವಕ' ಎಂಬುದಕ್ಕೆ ಮೂಲದಲ್ಲಿರುವ 'ದಿಯಾಕೊನೋಸ್' ಪದದ ಅರ್ಥವೂ ವಿವಾದದಲ್ಲಿದೆ. ಊಟ ಬಡಿಸುವ ಕೆಳ ಆಳು ಎಂಬ ಅರ್ಥವನ್ನು 20ನೆಯ ಶತಮಾನದ ಹೆಚ್ಚಿನ ಬರಹಗಾರರು ಒಪ್ಪಿಕೊಂಡಿದ್ದರು. ಆಸ್ಟ್ರೇಲಿಯಾದ ವಿದ್ವಾಂಸ ಜಾನ್ ಎನ್. ಕಾಲಿನ್ಸ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬರ ಅಪ್ಪಣೆಯನ್ನು ಇನ್ನೊಬ್ಬರಿಗೆ ಮುಟ್ಟಿಸುವ ನಿಯೋಗಿ ಎಂಬುದು ಅದರ ಮುಖ್ಯ ಅರ್ಥವೆಂದು ವಾದಿಸಿದರು. ಇದನ್ನು ಒಪ್ಪಿದರೆ ಪರೀಕ್ಷೆಯ ಪ್ರಶ್ನೆಯೂ ಬದಲಾಗುತ್ತದೆ: ನಾಯಕ ಎಷ್ಟು ಬಾಗಿದ್ದಾನೆ ಎಂಬುದಕ್ಕಿಂತ ಯಾರ ಮಾತನ್ನು ಒಯ್ಯುತ್ತಿದ್ದಾನೆ ಎಂಬುದು ಮುಖ್ಯವಾಗುತ್ತದೆ.

ಉದ್ದೇಶಗಳ ಸೂಕ್ಷ್ಮ ಪರೀಕ್ಷೆ ಶಾಸ್ತ್ರವಾಗಿ ಬೆಳೆದದ್ದು 4ನೆಯ ಶತಮಾನದ ಈಜಿಪ್ಟಿನ ಮರುಭೂಮಿಯಲ್ಲಿ. ಸಂನ್ಯಾಸಿಯನ್ನು ಕಾಡುವ ಎಂಟು ಬಗೆಯ ಆಲೋಚನೆಗಳನ್ನು ವರ್ಗೀಕರಿಸಿದ ಇವಾಗ್ರಿಯಸ್ (ಮರಣ 399) ಹುಸಿಕೀರ್ತಿಯನ್ನು ವರ್ಣಿಸುವ ರೀತಿ ಗಮನಾರ್ಹ. ಗುಡಿಸಲಿನಲ್ಲಿ ಕುಳಿತ ಸಂನ್ಯಾಸಿಯ ಕಣ್ಣಮುಂದೆ ರೋಗಿಗಳು ಗುಣವಾಗುತ್ತಾರೆ, ಜನ ಅವನ ಬಟ್ಟೆಯನ್ನು ಮುಟ್ಟಲು ಮುಗಿಬೀಳುತ್ತಾರೆ, ಕಡೆಗೆ ಅವನನ್ನು ಯಾಜಕನನ್ನಾಗಿ ಮಾಡಲು ಎಳೆದೊಯ್ಯುತ್ತಾರೆ. ಕನಸಿನಲ್ಲೂ ಅವನು ತಾನಾಗಿ ಹೋಗುವುದಿಲ್ಲ, ಎಳೆಸಿಕೊಂಡೇ ಹೋಗುತ್ತಾನೆ! ಈ ವಿದ್ಯೆಯನ್ನು ಪಶ್ಚಿಮಕ್ಕೆ ತಂದ ಜಾನ್ ಕಾಸಿಯನ್ ಹುಸಿಕೀರ್ತಿಯನ್ನು ಈರುಳ್ಳಿಗೆ ಹೋಲಿಸಿದ: ಒಂದು ಪದರ ಸುಲಿದರೆ ಇನ್ನೊಂದು. ಒಳ್ಳೆಯ ಬಟ್ಟೆಯಿಂದ ಬಾರದ ಗರ್ವ ಹರಕು ಬಟ್ಟೆಯಿಂದ ಬರುತ್ತದೆ, ಮಾತಿನಿಂದ ಬಾರದ್ದು ಮೌನದಿಂದ ಬರುತ್ತದೆ. ಕಾಸಿಯನ್ ಹೇಳುವ ಒಂದು ಕಥೆಯಲ್ಲಿ, ಮುದುಕ ಸಂನ್ಯಾಸಿಯೊಬ್ಬ ಕಿರಿಯನ ಗುಡಿಸಲಿಗೆ ಬಂದಾಗ ಒಳಗಿನಿಂದ ಗೊಣಗಾಟ ಕೇಳಿಸುತ್ತದೆ. ಶಾಸ್ತ್ರ ಪಠಣವಿರಬೇಕೆಂದು ಕಿವಿಗೊಟ್ಟರೆ, ಕಿರಿಯ ತಾನು ಚರ್ಚಿನಲ್ಲಿ ನಿಂತು ಬೋಧಿಸುತ್ತಿರುವಂತೆ ಕಲ್ಪಿಸಿಕೊಂಡು ಇಲ್ಲದ ಜನರಿಗೆ ಪ್ರಸಂಗ ಮಾಡುತ್ತಿದ್ದಾನೆ; ಪ್ರಸಂಗ ಮುಗಿಸಿ, ದೀಕ್ಷೆಯಾಗದವರನ್ನು ಹೊರಗೆ ಕಳಿಸುವ ವಿಧಿಯನ್ನೂ ತಾನೇ ನಡೆಸುತ್ತಾನೆ. ಬಾಗಿಲು ತೆರೆದ ಕಿರಿಯ, ಬಂದು ಬಹಳ ಹೊತ್ತಾಯಿತೇ ಎಂದು ಅಳುಕಿನಿಂದ ಕೇಳಿದ್ದಕ್ಕೆ ಮುದುಕ, ಈಗ ತಾನೆ, ನೀನು ಜನರನ್ನು ಕಳಿಸಿಕೊಡುವ ಹೊತ್ತಿಗೆ ಬಂದೆ ಎಂದನಂತೆ. ಸಂನ್ಯಾಸಿಯು ಬಿಷಪರಿಂದ ದೂರ ಓಡಬೇಕೆಂದು ಕಾಸಿಯನ್ ಕೊಟ್ಟ ಎಚ್ಚರಿಕೆಗೆ ಕಾರಣ ಅವರು ದೀಕ್ಷೆ ಕೊಟ್ಟಾರೆಂಬ ಭಯ.

ಓಡುವುದೇ ಆ ಕಾಲದಲ್ಲಿ ಪರಿಶುದ್ಧ ಉದ್ದೇಶದ ಗುರುತಾಯಿತು. ನಜಿಯಾನ್ಸಸ್‌ನ ಗ್ರೆಗರಿ ತನ್ನ ತಂದೆಯಿಂದಲೇ ಬಲವಂತವಾಗಿ ದೀಕ್ಷೆ ಪಡೆದು ಪೊಂಟಸ್ ಪ್ರಾಂತಕ್ಕೆ ಓಡಿಹೋದ. 362ರಲ್ಲಿ ಮರಳಿ ಬಂದು ಓಡಿದ್ದಕ್ಕೂ ಮರಳಿದ್ದಕ್ಕೂ ಸಮಜಾಯಿಷಿ ನೀಡುವ ದೀರ್ಘ ಭಾಷಣ ರಚಿಸಿದ. ಜಾನ್ ಕ್ರಿಸೊಸ್ತಮ್ ಸುಮಾರು 390ರಲ್ಲಿ ಬರೆದ ಯಾಜಕತ್ವದ ಕುರಿತ ಗ್ರಂಥ, ಗೆಳೆಯ ದೀಕ್ಷೆಗೆ ಒಪ್ಪುವಂತೆ ಮಾಡಿ ತಾನು ಅಡಗಿಕೊಂಡ ಕಥೆಯಿಂದ ಶುರುವಾಗುತ್ತದೆ. ಬೋಧಕನಿಗೆ ಮಾತಿನ ಶಕ್ತಿ ಬೇಕು, ಹೊಗಳಿಕೆಯ ಬಗ್ಗೆ ತಾತ್ಸಾರವೂ ಬೇಕು. ಎರಡನೆಯದು ಇಲ್ಲದೆ ಮೊದಲನೆಯದು ಇದ್ದರೆ ಅಪಾಯ ಎಂದು ಆತ ವಿವರಿಸುತ್ತಾನೆ. ಸ್ವತಃ ಚಪ್ಪಾಳೆ ಗಿಟ್ಟಿಸಿದ ಭಾಷಣಕಾರನಾದ್ದರಿಂದ ಆ ಪುಟಗಳಿಗೆ ಅನುಭವದ ಬಿಸಿಯಿದೆ. 391ರಲ್ಲಿ ಹಿಪ್ಪೊ ಪಟ್ಟಣಕ್ಕೆ ಬಂದಿದ್ದ ಅಗಸ್ಟೀನನನ್ನು ಜನ ಹಿಡಿದು ಯಾಜಕನನ್ನಾಗಿ ಮಾಡಿದಾಗ ಆತ ಅತ್ತ. ಬಿಷಪ್ ಹುದ್ದೆಯೇ ಸಿಗಲಿಲ್ಲವೆಂದು ಅಳುತ್ತಿದ್ದಾನೆಂದು ಕೆಲವರು ತಿಳಿದು, ಅದಕ್ಕೂ ಕಾಲ ಬರುತ್ತದೆಂದು ಸಮಾಧಾನ ಹೇಳಿದರೆಂದು ಶಿಷ್ಯ ಪೊಸಿದಿಯಸ್ ದಾಖಲಿಸಿದ್ದಾನೆ. ಓಟವೂ ಕಣ್ಣೀರೂ ಶಿಷ್ಟಾಚಾರವಾದ ಮೇಲೆ ಅವು ಯಾವುದನ್ನೂ ಸಾಬೀತುಮಾಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಅಗಸ್ಟೀನನ ಕಾಣಿಕೆ ಎರಡು ಬಗೆಯದು. ಯೆಹೆಜ್ಕೇಲನ 34ನೆಯ ಅಧ್ಯಾಯದಲ್ಲಿ ಕುರಿಗಳನ್ನು ಬಿಟ್ಟು ತಮ್ಮನ್ನೇ ಮೇಯಿಸಿಕೊಳ್ಳುವ ಕುರುಬರ ಚಿತ್ರವಿದೆ. ಕನ್ನಡದ ಗಾದೆಯಲ್ಲಿ ಹೊಲ ಮೇಯುವ ಬೇಲಿಯ ಹಾಗೆ. ಈ ಅಧ್ಯಾಯದ ಮೇಲಿನ ಪ್ರಸಂಗದಲ್ಲಿ ಅಗಸ್ಟೀನ್, ಕುರುಬ ಕುರಿಯಿಂದ ಪಡೆಯುವ ಹಾಲು ಎಂದರೆ ಹೊಟ್ಟೆಪಾಡು, ಉಣ್ಣೆ ಎಂದರೆ ಮಾನಮರ್ಯಾದೆ ಎಂದು ಬಿಡಿಸುತ್ತಾನೆ. ಎರಡನ್ನೂ ಪಡೆಯುವುದು ತಪ್ಪಲ್ಲ, ಅವುಗಳಿಗಾಗಿಯೇ ಕುರಿ ಕಾಯುವುದು ತಪ್ಪು. ಎರಡನೆಯ ಕಾಣಿಕೆ ದೊನಾತಿಸ್ಟ್ ಎಂಬ ಕ್ರೈಸ್ತ ಪಂಥದವರೊಂದಿಗಿನ ವಿವಾದದಲ್ಲಿ ಮೂಡಿದ್ದು. ಯಾಜಕ ಅಶುದ್ಧನಾದರೆ ಅವನು ನಡೆಸಿದ ಸಂಸ್ಕಾರವೂ ಅಶುದ್ಧ ಎಂದು ಅವರು ವಾದಿಸಿದರೆ, ಸಂಸ್ಕಾರ ಕ್ರಿಸ್ತನದು, ಯಾಜಕನದಲ್ಲ ಎಂದು ಅಗಸ್ಟೀನ್ ಉತ್ತರಿಸಿದ. 411ರ ಕಾರ್ಥೇಜ್ ಸಮಾವೇಶದಲ್ಲಿ ಅವನ ಪಕ್ಷ ಗೆದ್ದಿತು. ಪಾಲಕನ ಮನಸ್ಸು ಹೇಗಿದೆಯೋ ಎಂದು ಜನ ಆತಂಕಪಡುವುದು ಇದರಿಂದ ತಪ್ಪಿತು. ಆದರೆ ಉದ್ದೇಶದ ಪ್ರಶ್ನೆ ನಾಯಕನ ಖಾಸಗಿ ಲೆಕ್ಕವಾಗಿ, ಸಭೆ ಕೇಳಬಾರದ ವಿಷಯವಾಗಿ ಉಳಿಯಲೂ ಅದು ದಾರಿಮಾಡಿತು.

ಮಧ್ಯಯುಗದ ಪ್ರಮಾಣಗ್ರಂಥ ಮಹಾ ಗ್ರೆಗರಿಯದು. 590ರಲ್ಲಿ ಮನಸ್ಸಿಲ್ಲದೆ ಪೋಪ್ ಆದ ಈತ, ಹಿಂಜರಿದದ್ದಕ್ಕೆ ಆಕ್ಷೇಪಿಸಿದ ರವೆನ್ನಾದ ಬಿಷಪನಿಗೆ ಉತ್ತರವಾಗಿ ಪಾಲಕರ ನಿಯಮಗ್ರಂಥವನ್ನು ನಾಲ್ಕು ಭಾಗಗಳಲ್ಲಿ ಬರೆದ. 9ನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ಆಲ್ಫ್ರೆಡ್ ದೊರೆ ಇದನ್ನು ಹಳೆಯ ಇಂಗ್ಲಿಷಿಗೆ ತಂದ. ಬಿಷಪ್ ಹುದ್ದೆಯನ್ನು ಬಯಸುವುದು ಒಳ್ಳೆಯದೆಂದು ತಿಮೊಥೆಯನಿಗೆ ಬರೆದ ಪತ್ರದಲ್ಲಿದೆಯಲ್ಲ ಎಂಬ ವಾದಕ್ಕೆ ಗ್ರೆಗರಿಯ ಉತ್ತರ ಚುರುಕಾದುದು: ಕ್ರೈಸ್ತರನ್ನು ಹಿಂಸಿಸುತ್ತಿದ್ದ ಆ ಕಾಲದಲ್ಲಿ ಬಿಷಪನಾದವನೇ ಮೊದಲು ಸಾಯಬೇಕಿತ್ತು. ಹಿಂಜರಿಕೆಯನ್ನೂ ಆತ ಕುರುಡಾಗಿ ಹೊಗಳುವುದಿಲ್ಲ. ಕಳುಹಿಸು ಎಂದ ಯೆಶಾಯನೂ ಒಲ್ಲೆ ಎಂದ ಯೆರೆಮೀಯನೂ ಪ್ರೀತಿಯಿಂದಲೇ ಹಾಗೆ ಹೇಳಿದರು ಎನ್ನುತ್ತಾನೆ. ಈ ಗ್ರಂಥದ ಮುಖ್ಯ ಒಳನೋಟ ಮನಸ್ಸು ತನ್ನ ಬಗ್ಗೆ ತನಗೇ ಸುಳ್ಳು ಹೇಳುತ್ತದೆಂಬುದು. ಅಧಿಕಾರ ಬಯಸುವವನು ಅದು ಸಿಕ್ಕರೆ ಮಾಡುವ ಒಳ್ಳೆಯ ಕೆಲಸಗಳ ಪಟ್ಟಿ ಹಾಕುತ್ತಾನೆ. ಸಿಕ್ಕ ಮೇಲೆ ಪಟ್ಟಿ ಮರೆತುಹೋಗುತ್ತದೆ. ಆದ್ದರಿಂದ ಭಾವನೆಯನ್ನು ಕೇಳಬೇಡ, ಅಧಿಕಾರವಿಲ್ಲದಿದ್ದಾಗ ಏನು ಮಾಡಿದೆ ಎಂಬುದನ್ನು ನೋಡು ಎಂಬುದು ಗ್ರೆಗರಿ ಕೊಟ್ಟ ಪರೀಕ್ಷೆ. ಸಮುದ್ರ ಶಾಂತವಿದ್ದಾಗ ಪಳಗದವನೂ ಹಡಗು ನಡೆಸಬಲ್ಲ ಎಂದೂ ಸೇರಿಸುತ್ತಾನೆ. ಉದ್ದೇಶ ಪರೀಕ್ಷೆ ಒಳಗಿನಿಂದ ಹೊರಕ್ಕೆ ಕಾಲಿಟ್ಟ ಮೊದಲ ಸ್ಪಷ್ಟ ಹೆಜ್ಜೆಯೆಂದು ಇದನ್ನು ಎಣಿಸಬಹುದು.

ಗ್ರೆಗರಿ ತನ್ನನ್ನು ದೇವರ ಸೇವಕರ ಸೇವಕ ಎಂದು ಕರೆದುಕೊಂಡ. ಮುಂದೆ ಅದು ಪೋಪರ ಅಧಿಕೃತ ಬಿರುದಾಗಿ, ಆಜ್ಞಾಪತ್ರಗಳ ನೆತ್ತಿಯ ಮೇಲೆ ಕುಳಿತಿತು. ವಿನಯದ ಪದ ಪದವಿಯಾಗುವುದು ಅಲ್ಲಿಗೆ ನಿಲ್ಲಲಿಲ್ಲ. ಕನ್ನಡ ಪ್ರಾಟೆಸ್ಟಂಟ್ ಸಭೆಗಳಲ್ಲಿ 'ದೇವಸೇವಕರು' ಎಂಬುದು ಪಾಸ್ಟರನ್ನು ಸ್ವಾಗತಿಸುವ ಗೌರವದ ಮಾತು. 12ನೆಯ ಶತಮಾನದಲ್ಲಿ ಕ್ಲೇರ್ವೋದ ಬರ್ನಾರ್ಡ್, ತನ್ನ ಶಿಷ್ಯನಾಗಿದ್ದು ಪೋಪ್ ಆದ ಮೂರನೆಯ ಯೂಜೀನನಿಗೆ ಬರೆದ ಪುಸ್ತಕದಲ್ಲಿ, ಬೇಕಾದದ್ದು ರಾಜದಂಡವಲ್ಲ, ಕಳೆ ಕೀಳುವ ಗುದ್ದಲಿ ಎಂದು ನೆನಪಿಸಬೇಕಾಯಿತು.

1548ರಲ್ಲಿ ಪೋಪ್ ಮನ್ನಣೆ ಪಡೆದ ಲೊಯೊಲಾದ ಇಗ್ನೇಷಿಯಸನ ಆಧ್ಯಾತ್ಮಿಕ ಅಭ್ಯಾಸಗಳು ಆತ್ಮಶೋಧನೆಗೆ ದಿನಚರಿಯ ಶಿಸ್ತು ತಂದವು. ಕೆಟ್ಟ ಪ್ರೇರಣೆ ಒಳ್ಳೆಯ ವೇಷದಲ್ಲೇ ಬರುತ್ತದೆ, ಆದ್ದರಿಂದ ಆಲೋಚನೆಯ ಆರಂಭ, ನಡು, ಕೊನೆ ಮೂರನ್ನೂ ನೋಡಬೇಕು ಎಂಬುದು ಅಲ್ಲಿನ ಸೂತ್ರ. ಆದರೂ ಇಗ್ನೇಷಿಯಸ್ ಆತ್ಮಶೋಧನೆಯೊಂದನ್ನೇ ನೆಚ್ಚಲಿಲ್ಲ. ಯೇಸುಸಭೆಯ, ಅಂದರೆ ಜೆಸ್ವಿಟ್ ಸಂಘದ, ಪೂರ್ಣವ್ರತದ ಸದಸ್ಯರು ಹುದ್ದೆಗೆ ಆಸೆಪಡುವುದಿಲ್ಲವೆಂದೂ, ಆಸೆಪಡುವವರು ಕಂಡರೆ ತಿಳಿಸುವೆವೆಂದೂ ಮಾತು ಕೊಡಬೇಕು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ ಇಟಲಿಯ ಜೆಸ್ವಿಟರು ಇದೇ ಶಿಸ್ತಿನಲ್ಲಿ ತಯಾರಾದವರು.

ಉದ್ದೇಶ ಪೂರ್ತಿ ಶುದ್ಧವಾಗಿರುವುದು ಸಾಧ್ಯವೇ ಎಂಬ ಪ್ರಶ್ನೆ 17ನೆಯ ಶತಮಾನದ ಫ್ರಾನ್ಸಿನಲ್ಲಿ ಇಬ್ಬರು ಬಿಷಪರ ಜಗಳವಾಯಿತು. ಕಾಂಬ್ರೆಯ ಆರ್ಚ್‌ಬಿಷಪ್ ಫೆನೆಲೋನ್ 1697ರ ಗ್ರಂಥದಲ್ಲಿ, ಸ್ವರ್ಗದ ಆಸೆಯನ್ನೂ ನರಕದ ಭಯವನ್ನೂ ಮೀರಿದ ನಿರಪೇಕ್ಷ ಪ್ರೀತಿ ಸಾಧ್ಯವೆಂದ; ಇನ್ನೊಬ್ಬ ಬಿಷಪ್ ಬೊಸ್ಸುವೆ ಅದನ್ನು ಉಗ್ರವಾಗಿ ಎದುರಿಸಿದ. 1699ರಲ್ಲಿ ರೋಮ್ ಫೆನೆಲೋನನ 23 ವಾಕ್ಯಗಳನ್ನು ಖಂಡಿಸಿತು. ಸ್ವಂತ ಹಿತದ ಆಸೆ ಉದ್ದೇಶದಲ್ಲಿ ಬೆರೆತಿರುವುದು ಪಾಪವಲ್ಲ ಎಂಬ ನಿಲುವು ಇದರಿಂದ ಗಟ್ಟಿಯಾಯಿತು. ಬೆರಕೆಯನ್ನು ಕಂಡೊಡನೆ ಕೆಲಸ ಬಿಟ್ಟು ಕೊರಗುವ ಅತಿಸೂಕ್ಷ್ಮ ಮನಸ್ಸಿನವರಿಗೆ ಪಾಪನಿವೇದನೆ ಕೇಳುವ ಗುರುಗಳು ಹೇಳುತ್ತಿದ್ದ ಸಮಾಧಾನವೂ ಹೆಚ್ಚುಕಡಿಮೆ ಇದೇ.

ಪ್ರಾಟೆಸ್ಟಂಟರಲ್ಲಿ ಕಿಡರ್‌ಮಿನ್‌ಸ್ಟರಿನ ರಿಚರ್ಡ್ ಬಾಕ್ಸ್‌ಟರ್ 1656ರಲ್ಲಿ ಪಾಲಕರಿಗಾಗಿ ಬರೆದ ಪುಸ್ತಕ ಇಂದಿಗೂ ಓದಿಸಿಕೊಳ್ಳುತ್ತದೆ. ಗರ್ವ ಪಾಲಕನ ಜೊತೆ ಓದುವ ಕೋಣೆಗೂ ಬಂದು ಪ್ರಸಂಗಕ್ಕೆ ಪದ ಆರಿಸಿಕೊಡುತ್ತದೆ, ಪಕ್ಕದ ಊರಿನ ಬೋಧಕನನ್ನು ಜನ ಮೆಚ್ಚಿದರೆ ನೋಯುತ್ತದೆ ಎಂಬ ಅವನ ವಿವರಣೆ ಕಾಸಿಯನನ ಸಂನ್ಯಾಸಿಯನ್ನು ಪಲ್ಪಿಟ್ಟಿಗೆ ತಂದು ನಿಲ್ಲಿಸಿದಂತಿದೆ. ಜಾನ್ ವೆಸ್ಲಿ ಬೇರೆ ದಾರಿ ಹಿಡಿದ. 1738ರ ಕೊನೆಯಲ್ಲಿ ಆತ ಬರೆದ ಸಣ್ಣ ಕೂಟಗಳ ನಿಯಮಗಳ ಪ್ರಕಾರ, ಸೇರಬಯಸುವವರನ್ನು ತಮ್ಮ ತಪ್ಪುಗಳನ್ನು ಇತರರು ಮುಚ್ಚುಮರೆಯಿಲ್ಲದೆ ಹೇಳುವುದು ಇಷ್ಟವೇ ಎಂದು ಮೊದಲೇ ಕೇಳಬೇಕಿತ್ತು. ಒಬ್ಬನ ಕಣ್ಣಿಗೆ ಬೀಳದ್ದು ನಾಲ್ವರ ಕಣ್ಣಿಗೆ ಬೀಳುತ್ತದೆಂಬ ಈ ನಂಬಿಕೆಯ ಪರಂಪರೆಯೇ 19ನೆಯ ಶತಮಾನದಲ್ಲಿ ವೆಸ್ಲಿಯನ್ ಮಿಷನ್ನಿನ ಮೂಲಕ ಮೈಸೂರು ಸಂಸ್ಥಾನಕ್ಕೆ ಬಂದದ್ದು.

ವಸಾಹತು ಕಾಲದ ಮಿಷನ್ ಕೆಲಸ ಹೊಸ ಬಗೆಯ ಸಂಶಯ ಎಬ್ಬಿಸಿತು: ತ್ಯಾಗ ನಿಜವಾಗಿದ್ದೂ ಮೇಲರಿಮೆ ಉಳಿಯಬಹುದೇ? 1910ರ ಎಡಿನ್‌ಬರೋ ವಿಶ್ವ ಮಿಷನರಿ ಸಮ್ಮೇಳನದಲ್ಲಿ ವಿ. ಎಸ್. ಅಜರಯ್ಯ ಇದನ್ನು ನೇರವಾಗಿ ಎತ್ತಿದರು. ಮಿಷನರಿಗಳು ಆಸ್ತಿಯನ್ನೂ ದೇಹವನ್ನೂ ಕೊಟ್ಟಿದ್ದಾರೆ, ಆದರೆ ಭಾರತೀಯರಿಗೆ ಸ್ನೇಹವನ್ನು ಕೊಟ್ಟಿಲ್ಲ ಎಂಬುದು ಅವರ ಮಾತಿನ ಸಾರ. ಸಭೆಯಲ್ಲಿ ಹಲವರಿಗೆ ಇದು ಹಿತವಾಗಲಿಲ್ಲ. ಎರಡು ವರ್ಷಗಳ ನಂತರ ಅವರು ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪರಾಗಿ ದೋರ್ನಕಲ್‌ಗೆ ನೇಮಕಗೊಂಡರು. ಸೇವೆ ಪಡೆದವರ ಕಡೆಯವನೊಬ್ಬ ಸೇವೆ ಮಾಡಿದವರ ಉದ್ದೇಶವನ್ನು ಅವರೆದುರಿಗೇ ತೂಗಿದ್ದು ಈ ಇತಿಹಾಸದಲ್ಲಿ ಹೊಸದು.

ಜರ್ಮನಿಯಲ್ಲಿ ಹಿಟ್ಲರ್ ಚಾನ್ಸಲರ್ ಆದ ಎರಡೇ ದಿನಕ್ಕೆ, 1933ರ ಫೆಬ್ರವರಿ 1ರಂದು, ಡೀಟ್ರಿಚ್ ಬಾನ್‌ಹೋಫರ್ ನಾಯಕನ ಕಲ್ಪನೆಯ ಕುರಿತು ರೇಡಿಯೊ ಭಾಷಣ ಮಾಡಿದರು. ಹಿಂಬಾಲಕರ ಆರಾಧನೆಗೆ ಒಗ್ಗಿದ ನಾಯಕ ದಾರಿ ತಪ್ಪಿಸುವವನಾಗುತ್ತಾನೆ ಎಂದು ಹೇಳುವ ಆ ಭಾಷಣದ ಪ್ರಸಾರ ಮುಗಿಯುವ ಮೊದಲೇ ಕಡಿದುಹೋಯಿತು. ಫಿಂಕನ್‌ವಾಲ್ಡೆಯಲ್ಲಿ ಅವರು ನಡೆಸಿದ ಸೆಮಿನರಿಯನ್ನು 1937ರಲ್ಲಿ ಗೆಸ್ಟಾಪೊ ಮುಚ್ಚಿತು. ಅಲ್ಲಿನ ಸಹಜೀವನದಿಂದ ಹುಟ್ಟಿದ 1939ರ ಪುಸ್ತಕದಲ್ಲಿ, ಇನ್ನೊಬ್ಬನನ್ನು ತನಗೆ ಕಟ್ಟಿಹಾಕುವ ಪ್ರೀತಿಯನ್ನೂ ಅವನನ್ನು ಸ್ವತಂತ್ರವಾಗಿ ಬಿಡುವ ಪ್ರೀತಿಯನ್ನೂ ಬೇರ್ಪಡಿಸಿದ್ದಾರೆ. ಸಭೆಗೆ ಮಿಂಚುವ ವ್ಯಕ್ತಿತ್ವಗಳು ಬೇಡ, ನಂಬಿಕಸ್ತ ಸೇವಕರು ಬೇಕು ಎಂಬ ಅವರ ಅಭಿಪ್ರಾಯದ ಹಿಂದೆ ದೇಶವೊಂದರ ಅನುಭವವಿತ್ತು.

'ಸೇವಕ ನಾಯಕತ್ವ' ಎಂಬ ಪದವನ್ನು ಜನಪ್ರಿಯಗೊಳಿಸಿದವರು ಪಾದ್ರಿಯಲ್ಲ. ಅಮೆರಿಕದ ಎಟಿ ಅಂಡ್ ಟಿ ದೂರವಾಣಿ ಕಂಪನಿಯಿಂದ ನಿವೃತ್ತರಾದ, ಕ್ವೇಕರ್ ಪಂಥದ ರಾಬರ್ಟ್ ಗ್ರೀನ್‌ಲೀಫ್ 1970ರಲ್ಲಿ ಬರೆದ ಪ್ರಬಂಧ ಅದರ ಮೂಲ. ಹರ್ಮನ್ ಹೆಸ್ಸೆಯ 1932ರ ಕಥನ 'ಪೂರ್ವ ಯಾತ್ರೆ'ಯಲ್ಲಿ ಬರುವ ಲಿಯೋ ಎಂಬ ಆಳು ಅವರಿಗೆ ಪ್ರೇರಣೆ. ಈ ಹೆಸ್ಸೆಯ ತಾಯಿ ಹುಟ್ಟಿದ್ದು 1842ರಲ್ಲಿ, ಮಲಬಾರಿನ ತಲಶ್ಶೇರಿಯಲ್ಲಿ. ಅವಳ ತಂದೆ, ಮಲಯಾಳಂ ನಿಘಂಟುಕಾರ ಹರ್ಮನ್ ಗುಂಡರ್ಟ್, 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದ ಬಾಸೆಲ್ ಮಿಷನ್ನಿನವನು. ಮಿಷನರಿ ಮನೆತನದ ಮೊಮ್ಮಗನ ಕಥೆಯಿಂದ ಅಮೆರಿಕದ ಆಡಳಿತಶಾಸ್ತ್ರಕ್ಕೆ ಹೋದ ಕಲ್ಪನೆ ಮತ್ತೆ ಚರ್ಚುಗಳ ತರಬೇತಿ ಶಿಬಿರಗಳಿಗೆ ಮರಳಿತು. ಕಥೆಯಲ್ಲಿ ಆಳಾದ ಲಿಯೋ ಕೊನೆಗೆ ಇಡೀ ಸಂಘದ ಮುಖ್ಯಸ್ಥನೆಂದು ತಿಳಿಯುತ್ತದೆ. ಸೇವೆ ಗುಪ್ತ ಪಟ್ಟಾಭಿಷೇಕವಾಗಬಹುದೆಂಬ ಹಳೆಯ ಸಂಶಯವನ್ನು ಈ ತಿರುವು ನೀಗಿಸುವುದಿಲ್ಲ, ಬೆಳೆಸುತ್ತದೆ. ಗ್ರೀನ್‌ಲೀಫರ ನಿಜವಾದ ಕೊಡುಗೆ ಅವರ ಪರೀಕ್ಷೆ: ಸೇವೆ ಪಡೆದವರು ಬೆಳೆದರೇ, ಹೆಚ್ಚು ಸ್ವತಂತ್ರರಾದರೇ, ಸಮಾಜದ ಕಟ್ಟಕಡೆಯವರಿಗೆ ಏನಾಯಿತು ಎಂದು ಅದು ಕೇಳುತ್ತದೆ. ನಾಯಕನ ಎದೆಯಾಳ ಇಲ್ಲಿ ಸಾಕ್ಷಿಯೇ ಅಲ್ಲ.

ಸೇವಕ ಎಂಬ ರೂಪಕವನ್ನೇ ಪ್ರಶ್ನಿಸಿದವರೂ ಇದ್ದಾರೆ. ಗರ್ವವೇ ಮೂಲ ಪಾಪವೆಂಬ ವಿಶ್ಲೇಷಣೆ ಗಂಡಸರ ಅನುಭವದ್ದು, ಹೆಂಗಸರನ್ನು ಕಾಡುವುದು ತಮ್ಮತನವನ್ನೇ ಕಳೆದುಕೊಳ್ಳುವ ಅಪಾಯ ಎಂದು ವ್ಯಾಲರಿ ಸೇವಿಂಗ್ 1960ರಲ್ಲಿ ವಾದಿಸಿದರು. ಮನೆಗೆಲಸದ ಆಳುಗಳಾಗಿ ಬದುಕಿದ ಕಪ್ಪು ಹೆಂಗಸರಿಗೆ ಇನ್ನಷ್ಟು ಸೇವಕರಾಗಿ ಎಂದು ಬೋಧಿಸುವುದರಲ್ಲಿರುವ ಅನ್ಯಾಯವನ್ನು ಜಾಕ್ವೆಲಿನ್ ಗ್ರಾಂಟ್ 1993ರಲ್ಲಿ ಎತ್ತಿ ತೋರಿಸಿದರು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಿಂದ ದಲಿತ ದೇವತಾಶಾಸ್ತ್ರಕ್ಕೆ ಚಾಲನೆ ಕೊಟ್ಟ ಅರವಿಂದ ಪಿ. ನಿರ್ಮಲ್, ಮುಂದಿನ ಬರಹದಲ್ಲಿ ರೂಪಕವನ್ನು ಬಿಡದೆ ತಿರುಗಿಸಿದರು. ದೇವರು ಸೇವಕನೆಂದರೆ ಮನೆಗೆಲಸದವರ, ಬೀದಿ ಗುಡಿಸುವವರ ಸಾಲಿನವನು. ಆಳಾಗಿ ಹುಟ್ಟಿಸಲ್ಪಟ್ಟವರ ಸೇವೆಗೂ ಆಳೆಂದು ಹೇಳಿಕೊಳ್ಳುವ ಮುಖ್ಯಸ್ಥನ ಸೇವೆಗೂ ಇರುವ ಅಂತರ ಇಲ್ಲಿ ಬಯಲಾಗುತ್ತದೆ.

ಹಾರ್ವರ್ಡಿನ ಅಧ್ಯಾಪಕ ವೃತ್ತಿ ಬಿಟ್ಟು 1986ರಲ್ಲಿ ಟೊರಾಂಟೊ ಬಳಿಯ ಲಾರ್ಷ್ ಸಮುದಾಯದಲ್ಲಿ ಬುದ್ಧಿಮಾಂದ್ಯರೊಂದಿಗೆ ವಾಸಿಸಲು ಹೋದ ಹೆನ್ರಿ ನೌವೆನ್, 1989ರಲ್ಲಿ ಪ್ರಕಟಿಸಿದ ಕಿರುಪುಸ್ತಕದಲ್ಲಿ ಮರುಭೂಮಿಯಲ್ಲಿ ಯೇಸುವಿಗೆ ಒದಗಿದ ಮೂರು ಪ್ರಲೋಭನೆಗಳನ್ನು ನಾಯಕರಿಗೆ ಅನ್ವಯಿಸಿದರು: ಉಪಯುಕ್ತನಾಗುವ, ಬೆರಗುಗೊಳಿಸುವ, ಬಲಶಾಲಿಯಾಗುವ ಆಸೆ. ವಾಷಿಂಗ್ಟನ್ನಿನಲ್ಲಿ ಮಾಡಿದ ಭಾಷಣ ಇದರ ಮೂಲ. ಸಮುದಾಯದ ಸದಸ್ಯನೊಬ್ಬ ಅಂದು ವೇದಿಕೆಯಲ್ಲಿ ಅವರ ಪಕ್ಕ ನಿಂತು, ನೌವೆನ್ ಒಂದು ಪ್ರಸಂಗ ಹೇಳತೊಡಗಿದಾಗ, ಇದನ್ನು ನಾನು ಮುಂಚೆ ಕೇಳಿದ್ದೇನೆ ಎಂದು ಗಟ್ಟಿಯಾಗಿ ಹೇಳಿದ.

ಅದೇ ಲಾರ್ಷ್ ಸಂಸ್ಥೆಯನ್ನು 1964ರಲ್ಲಿ ಫ್ರಾನ್ಸಿನಲ್ಲಿ ಸ್ಥಾಪಿಸಿ, ಸೇವಕ ನಾಯಕತ್ವದ ಜೀವಂತ ಮಾದರಿಯೆಂದು ಹೆಸರಾಗಿದ್ದವರು ಜಾನ್ ವಾನಿಯೆ. 2019ರಲ್ಲಿ ಅವರು ತೀರಿಕೊಂಡ ಬಳಿಕ ಸಂಸ್ಥೆಯೇ ನಡೆಸಿದ ವಿಚಾರಣೆಯ ವರದಿ 2020ರ ಫೆಬ್ರವರಿಯಲ್ಲಿ ಹೊರಬಂತು. ಆಧ್ಯಾತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಅವರು ಕನಿಷ್ಠ ಆರು ಹೆಂಗಸರನ್ನು ಲೈಂಗಿಕವಾಗಿ ಬಳಸಿಕೊಂಡಿದ್ದರೆಂದು ಅದು ತಿಳಿಸಿತು. 2023ರ ವಿಸ್ತೃತ ವರದಿಯಲ್ಲಿ ಆ ಸಂಖ್ಯೆ ಕನಿಷ್ಠ 25ಕ್ಕೆ ಏರಿತು. ವಿನಯ, ದೌರ್ಬಲ್ಯ, ಅಂತರಂಗದ ಪ್ರಾಮಾಣಿಕತೆಗಳ ಬಗ್ಗೆ ವಾನಿಯೆ ದಶಕಗಳ ಕಾಲ ಬರೆದಿದ್ದರು. ಅವರ ಆತ್ಮಾವಲೋಕನದ ಬರಹಗಳಿಂದ ತಿಳಿಯದೇ ಇದ್ದದ್ದು ಕಾಗದಪತ್ರಗಳ ಸಂಗ್ರಹದಿಂದ, ಹಳೆಯ ಪತ್ರವ್ಯವಹಾರದಿಂದ, ಎಲ್ಲಕ್ಕಿಂತ ಮೊದಲು ಆ ಹೆಂಗಸರು ಮುಂದೆ ಬಂದು ನುಡಿದ ಸಾಕ್ಷ್ಯದಿಂದ ತಿಳಿಯಿತು.